ಅಟ್ಲಾಂಟಾ ನೋಡುವುದಾದರೆ ಮೊದಲು ಆಬರ್ನ್ ಅವೆನ್ಯೂಗೆ ಹೋಗಿ

ಊರಿಂದ ಅಪ್ಪ ಅಮ್ಮ ಬಂದರೆ ಅಟ್ಲಾಂಟಾ ಸುತ್ತಮುತ್ತ ಇರುವ ನಾವೆಲ್ಲ ಕರೆದುಕೊಂಡು ಹೋಗುವ ಜಾಗಗಳು ಹೆಚ್ಚುಕಮ್ಮಿ ಒಂದೇ. ಜಾರ್ಜಿಯಾ ಅಕ್ವೇರಿಯಂ, ಅದರ ಪಕ್ಕದ ಕೋಕಾ-ಕೋಲಾ ಮ್ಯೂಸಿಯಂ, ಲಿಲ್ಬರ್ನ್‌ನ ಸ್ವಾಮಿನಾರಾಯಣ ಮಂದಿರ. ಎಲ್ಲವೂ ಚೆನ್ನಾಗಿವೆ, ನೋಡಲೇಬೇಕು. ಆದರೆ ಈ ಊರು ಎಂಥದ್ದು ಅಂತ ಗೊತ್ತಾಗಬೇಕಾದರೆ, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಬೀದಿ ಆಬರ್ನ್ ಅವೆನ್ಯೂಗೆ ಒಂದಿಡೀ ದಿನ ಕೊಡಬೇಕು. ನಾನು ಅಪ್ಪ ಅಮ್ಮನನ್ನು ಹಾಗೇ ಕರೆದುಕೊಂಡು ಹೋದೆ.

ಡೌನ್‌ಟೌನ್‌ಗೆ ಕಾರು ಬೇಡ. ನಾರ್ತ್ ಸ್ಪ್ರಿಂಗ್ಸ್ ಸ್ಟೇಷನ್ನಿನಲ್ಲಿ ಕಾರು ಬಿಟ್ಟು ಮಾರ್ಟಾ ರೈಲು ಹತ್ತಿದೆವು. ಟಿಕೆಟ್ ಒಬ್ಬರಿಗೆ ಎರಡೂವರೆ ಡಾಲರ್. ಪೀಚ್‌ಟ್ರೀ ಸೆಂಟರ್‌ನಲ್ಲಿ ಇಳಿದರೆ ಅದೇ ಒಂದು ನೋಡುವ ಜಾಗ. ನೆಲದಡಿಯ ಬಂಡೆ ಕೊರೆದು ಮಾಡಿದ ಸ್ಟೇಷನ್, ಗೋಡೆಯಲ್ಲಿ ಕಲ್ಲು ಹಾಗೇ ಕಾಣುತ್ತದೆ. ಎಸ್ಕಲೇಟರ್ ತುಂಬಾ ಉದ್ದ. ಮಂಡಿನೋವು ಇರುವವರು ಸುಮ್ನೆ ಲಿಫ್ಟ್ ಹಿಡಿಯಿರಿ. ಮೇಲೆ ಬಂದು ಒಂದು ಡಾಲರ್ ಕೊಟ್ಟು, ರಸ್ತೆಯಲ್ಲೇ ಹಳಿ ಮೇಲೆ ಓಡುವ ಸ್ಟ್ರೀಟ್‌ಕಾರ್ ಹತ್ತಿದೆವು.

"ಇಲ್ಲಿ ಹಳೇದು ಅನ್ನೋದು ಏನೂ ಕಾಣಲ್ವಲ್ಲೋ" ಅಂದರು ಅಪ್ಪ. ನಿಜ. 1837ರಲ್ಲಿ ರೈಲು ಹಳಿ ಕೊನೆಯಾಗುವ ಜಾಗ ಅಂತ ಹುಟ್ಟಿದ ಊರು ಇದು. 1864ರಲ್ಲಿ ಅಂತರ್ಯುದ್ಧದ ಹೊತ್ತಿಗೆ ಉತ್ತರದ ಕಡೆಯ ಜನರಲ್ ಶರ್ಮನ್ ಸೈನ್ಯ ಇದನ್ನು ಸುಟ್ಟಿತು. ಆಮೇಲೆ ಕಟ್ಟಿದ್ದರಲ್ಲೂ ಎಷ್ಟೋ ಕಟ್ಟಡಗಳನ್ನು ಊರಿನವರೇ ಕೆಡವಿ ಎತ್ತರದ ಕಟ್ಟಡ, ಅಗಲದ ರಸ್ತೆ ಮಾಡಿಕೊಂಡರು. ಕಪ್ಪು ಜನರ ಅಂಗಡಿ, ಬ್ಯಾಂಕು, ಪತ್ರಿಕೆಗಳಿಂದ ತುಂಬಿದ್ದ ಆಬರ್ನ್ ಅವೆನ್ಯೂ ಮೇಲೆಯೇ ಹೈವೇ ಹಾದುಹೋಗಿದೆ. ಅದರ ಕೆಳಗೆ ದಾಟುವಾಗ ತಲೆ ಎತ್ತಿ ನೋಡಿ, ಒಂದು ಬೀದಿಯನ್ನು ಹೇಗೆ ಎರಡು ತುಂಡು ಮಾಡಿದ್ದಾರೆ ಅಂತ ತಿಳಿಯುತ್ತದೆ.

ಮಾರ್ಟಿನ್ ಲೂಥರ್ ಕಿಂಗ್ ರಾಷ್ಟ್ರೀಯ ಐತಿಹಾಸಿಕ ಪಾರ್ಕ್ ಇರುವುದು ಅದನ್ನು ದಾಟಿದ ಮೇಲೆ. ಪ್ರವೇಶಕ್ಕೆ ದುಡ್ಡಿಲ್ಲ. ಬೇಸಿಗೆಯಲ್ಲಾದರೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಮಧ್ಯಾಹ್ನದ ಸೆಕೆ ವಯಸ್ಸಾದವರಿಗೆ ಆಗುವುದಿಲ್ಲ. ವಿಸಿಟರ್ ಸೆಂಟರ್ ಮುಂದೆ ಗಾಂಧೀಜಿ ಪ್ರತಿಮೆ ಇದೆ, 1998ರಲ್ಲಿ ಭಾರತ ಕೊಟ್ಟದ್ದು. ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದರು. ಒಳಗೆ ಮರದ ಒಂದು ಗಾಡಿ ಇದೆ. 1968ರ ಏಪ್ರಿಲ್ 9ರಂದು ಕಿಂಗ್ ಅವರ ದೇಹವನ್ನು ಹೇಸರಗತ್ತೆ ಕಟ್ಟಿದ ಗಾಡಿಯಲ್ಲಿ ಇಟ್ಟು ಊರೊಳಗೆ ಮೆರವಣಿಗೆ ಮಾಡಿದರಲ್ಲ, ಆ ಗಾಡಿ. ಜೀವನವಿಡೀ ಬೇಸಾಯ ಮಾಡಿದ ಅಪ್ಪ ಅದರ ಗಾಲಿ, ಅಚ್ಚು ಎಲ್ಲ ಬಗ್ಗಿ ಬಗ್ಗಿ ನೋಡಿದರು. ಬಡವರ ಪರವಾಗಿ ನಿಂತವರು ಅಂತಲೇ ರೈತರ ಗಾಡಿ ಆರಿಸಿದ್ದು ಅಂತ ನಾನು ಹೇಳಿದೆ.

ಎದುರಿಗೆ ಕಿಂಗ್ ಪಾದ್ರಿಯಾಗಿದ್ದ ಹಳೆಯ ಎಬೆನೀಜರ್ ಚರ್ಚ್. 1922ರ ಕೆಂಪು ಇಟ್ಟಿಗೆಯ ಕಟ್ಟಡ, ಒಳಗೆ 1960ರ ದಶಕದಲ್ಲಿ ಇದ್ದ ಹಾಗೆಯೇ ಸರಿಪಡಿಸಿದ್ದಾರೆ. ಬೆಂಚಿನ ಮೇಲೆ ಕೂತರೆ ಕಿಂಗ್ ಅವರದೇ ದನಿ ಕೇಳಿಸುತ್ತದೆ, ಧ್ವನಿಮುದ್ರಣ ಹಾಕಿರುತ್ತಾರೆ. ದಯವಿಟ್ಟು ಫೋಟೋ ಹೊಡೆದು ಓಡಬೇಡಿ, ಇಲ್ಲಿ ಕೂರಿ. ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು. ತಿರುವನಂತಪುರದ ಒಂದು ಶಾಲೆಯಲ್ಲಿ ದಲಿತ ಮಕ್ಕಳ ಮುಂದೆ ಅಲ್ಲಿನ ಹೆಡ್‌ಮಾಸ್ಟರು ಇವರನ್ನು 'ಅಮೆರಿಕದಿಂದ ಬಂದ ನಮ್ಮಂಥದೇ ಒಬ್ಬ ಅಸ್ಪೃಶ್ಯ' ಅಂತ ಪರಿಚಯ ಮಾಡಿಕೊಟ್ಟರಂತೆ. ಮೊದಲು ಕಿಂಗ್‌ಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಹೌದಲ್ವಾ, ನಾನೂ ಅಸ್ಪೃಶ್ಯನೇ, ನನ್ನ ದೇಶದ ಪ್ರತಿಯೊಬ್ಬ ಕರಿಯನೂ ಅಸ್ಪೃಶ್ಯನೇ ಅನ್ನಿಸಿತು. ಇದನ್ನು ಅವರು ಹೇಳಿದ್ದು 1965ರ ಜುಲೈ 4ರಂದು, ಇದೇ ಚರ್ಚಿನಲ್ಲಿ. ಅಲ್ಲೇ ಕೂತು ಅಪ್ಪನಿಗೆ ಮೆಲ್ಲಗೆ ಹೇಳಿದೆ. ಅವರು ಚಿಕ್ಕವರಿದ್ದಾಗ ನಮ್ಮೂರ ಹೋಟೆಲಿನ ಹೊರಗೆ ಬೇರೆ ಲೋಟ ಇಡುತ್ತಿದ್ದರಂತೆ. ಆ ಲೋಟ ಇಡುತ್ತಿದ್ದ ಗೂಡು ಯಾವ ಗೋಡೆಯಲ್ಲಿತ್ತು ಅನ್ನುವುದನ್ನೂ ಹೇಳಿದರು. ನನಗೆ ಅಲ್ಲಿಯವರೆಗೂ ಅದು ಗೊತ್ತೇ ಇರಲಿಲ್ಲ.

ಪಕ್ಕದಲ್ಲಿ ನೀರಿನ ನಡುವೆ ಕಿಂಗ್ ಮತ್ತು ಅವರ ಹೆಂಡತಿ ಕೊರೆಟಾ ಅವರ ಸಮಾಧಿ. ಕಿಂಗ್ ಹುಟ್ಟಿದ ಮನೆ 501, ಆಬರ್ನ್ ಅವೆನ್ಯೂ. 2023ರ ನವೆಂಬರ್‌ನಲ್ಲಿ ದುರಸ್ತಿಗೆ ಮುಚ್ಚಿದ್ದರಿಂದ ನಾವು ಹೊರಗಿಂದಲೇ ನೋಡಿದೆವು.

ಊಟಕ್ಕೆ ಎಡ್ಜ್‌ವುಡ್ ಅವೆನ್ಯೂನಲ್ಲಿರುವ ಕರ್ಬ್ ಮಾರ್ಕೆಟ್. 1924ರ ಕಟ್ಟಡ. ಆಗ ಒಳಗೆ ಬಿಳಿಯರಷ್ಟೇ ವ್ಯಾಪಾರ ಮಾಡಬಹುದಿತ್ತು, ಕಪ್ಪು ವ್ಯಾಪಾರಿಗಳು ಹೊರಗೆ ರಸ್ತೆ ಅಂಚಿನಲ್ಲಿ ಕೂರಬೇಕಿತ್ತು. ಸಸ್ಯಾಹಾರಿಗಳು ಕೊಲಾರ್ಡ್ ಸೊಪ್ಪು ಕಂಡು ಖುಷಿಪಡುವ ಮುಂಚೆ ಕೇಳಿಕೊಳ್ಳಿ, ಅದಕ್ಕೆ ಹಂದಿಮಾಂಸ ಹಾಕಿ ಬೇಯಿಸುವುದು ಈ ಕಡೆ ಮಾಮೂಲಿ. ಅಮ್ಮ ಚಿತ್ರಾನ್ನ ಕಟ್ಟಿಕೊಂಡೇ ಬಂದಿದ್ದರು.

ಶಕ್ತಿ ಉಳಿದಿದ್ದರೆ ಸ್ಟ್ರೀಟ್‌ಕಾರ್‌ನಲ್ಲೇ ವಾಪಸ್ ಸೆಂಟೆನಿಯಲ್ ಒಲಿಂಪಿಕ್ ಪಾರ್ಕ್ ಕಡೆ ಬಂದು ನಾಗರಿಕ ಮತ್ತು ಮಾನವ ಹಕ್ಕುಗಳ ಕೇಂದ್ರಕ್ಕೆ ಹೋಗಿ. ಅಲ್ಲಿ ಹೋಟೆಲ್ ಕೌಂಟರಿನ ಹಾಗೆ ಒಂದು ಮೇಜು ಇದೆ. ಹೆಡ್‌ಫೋನ್ ಹಾಕಿಕೊಂಡು ಮೇಜಿನ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿ ಕೂರಬೇಕು. 1960ರಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಇಂಥ ಕೌಂಟರುಗಳಲ್ಲಿ ಧರಣಿ ಕೂತ ಕಪ್ಪು ಹುಡುಗರು ಕೇಳಿದಂಥ ಬೈಗುಳ, ಬೆದರಿಕೆ ಕಿವಿಯ ಹತ್ತಿರವೇ ಕೇಳುತ್ತದೆ, ಕುರ್ಚಿ ಅಲುಗುತ್ತದೆ. ಇಂಗ್ಲಿಷ್ ಬರದಿದ್ದರೂ ಅಪ್ಪ ಕೊನೆಯವರೆಗೆ ಕೂತರು. ಚಿಕ್ಕ ಮಕ್ಕಳನ್ನು ಮಾತ್ರ ಆ ಮೇಜಿಗೆ ಕೂರಿಸಬೇಡಿ. ಅಕ್ವೇರಿಯಂ ಅಲ್ಲೇ ಪಕ್ಕದಲ್ಲಿದೆ, ಆದರೆ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.