ಅಯೋಡಿನ್ ಕ್ಯಾಪ್ಸೂಲ್‌ಗಿಂತ ಉಪ್ಪೇ ಕಷ್ಟವಾಯ್ತು

ನನಗೆ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್. ಆಪರೇಷನ್ ಮಾಡಿ ಪೂರ್ತಿ ಥೈರಾಯ್ಡ್ ತೆಗೆದಿದ್ದರು. ಕುತ್ತಿಗೆಯ ಎರಡು ಲಿಂಫ್ ಗಂಟಿಗೂ ಹಬ್ಬಿತ್ತು. ಉಳಿದ ಚೂರುಪಾರು ಸುಡಲು ರೇಡಿಯೋ ಅಯೋಡಿನ್, ಅಂದರೆ ವಿಕಿರಣ ಸೂಸುವ ಅಯೋಡಿನ್, ಬೇಕು ಅಂದರು ಡಾಕ್ಟರ್. 'ರೇಡಿಯೇಷನ್ ಅಂತೆ' ಅಂತ ನೆಂಟರೆಲ್ಲ ಹೆದರಿದರು. ನನ್ನ ಜೀವ ಹಿಂಡಿದ್ದು ಅದಕ್ಕೂ ಮುಂಚಿನ ವಾರಗಳು.

ಮೊದಲು ಥೈರಾಯ್ಡ್ ಹಾರ್ಮೋನಿನ ಬದಲಿಗೆ ನುಂಗುತ್ತಿದ್ದ ಥೈರಾಕ್ಸಿನ್ ಮಾತ್ರೆ ನಿಲ್ಲಿಸಿದರು. ಟಿಎಸ್‌ಎಚ್ (ಥೈರಾಯ್ಡ್ ಕೋಶಗಳನ್ನು ಕೆಲಸಕ್ಕೆ ಹಚ್ಚೋ ಹಾರ್ಮೋನ್) 30 ದಾಟಬೇಕು, ಆಗಲೇ ಉಳಿದ ಕೋಶಗಳು ಹಸಿದವರ ಹಾಗೆ ಅಯೋಡಿನ್ ಎಳೆದುಕೊಳ್ಳೋದು. ಇಂಜೆಕ್ಷನ್ ಕೊಟ್ಟು ಏರಿಸೋ ದಾರಿಯೂ ಇದೆ. ಬೆಲೆ ಕೇಳಿ ಸುಮ್ಮನಾದೆವು. ಮೂರನೇ ವಾರಕ್ಕೆ ಮುಖ ಊದಿತು. ಎರಡು ತಟ್ಟೆ ತೊಳೆದರೆ ಕೂರಬೇಕು ಅನ್ನಿಸುತ್ತಿತ್ತು.

ಆ ಹಸಿವು ಮೊದಲೇ ತೀರದಿರಲಿ ಅಂತ ಕೊನೆಯ ಎರಡು ವಾರ ಅಯೋಡಿನ್ ಕಡಿಮೆ ಇರುವ ಊಟ. ಹಾಲು, ಮೀನು, ಮೊಟ್ಟೆಯ ಹಳದಿ ಇಲ್ಲ. ಮೊಸರೂ ಇಲ್ಲ! ಮೊಸರಿಲ್ಲದೆ ಊಟ ಮುಗಿಸೋದು ಹೇಗೆ ಹೇಳಿ? ಉಪ್ಪಿನದು ಇನ್ನೂ ದೊಡ್ಡ ಕತೆ. ಕಲ್ಲುಪ್ಪಾದರೆ ಆಗುತ್ತೆ ಅಂತ ಅತ್ತೆ ತಂದರು. ಪ್ಯಾಕೆಟ್ ತಿರುಗಿಸಿದರೆ ಸಣ್ಣಕ್ಷರದಲ್ಲಿ 'ಅಯೋಡಿನ್‌ಯುಕ್ತ'. ನಾಲ್ಕು ಅಂಗಡಿ ಸುತ್ತಿದ ಮೇಲೆ ಅಯೋಡಿನ್ ಇಲ್ಲದ ಉಪ್ಪು ಸಿಕ್ಕಿತು. ಅಂಗಡಿಯ ಹಪ್ಪಳ, ಉಪ್ಪಿನಕಾಯಿ, ಬ್ರೆಡ್ಡು ಎಲ್ಲಾ ಬಂದ್. ಕೆಲವು ಸಾಂಬಾರ್ ಪುಡಿಗೂ ಉಪ್ಪು ಬೆರೆಸಿರ್ತಾರೆ. ಅದು ನನಗೆ ಹೊಳೆದಿದ್ದು ಐದನೇ ದಿನ.

ಚಿಕಿತ್ಸೆ ಅಂದರೆ ಸೀಸದ ಡಬ್ಬಿಯೊಳಗಿನ ಒಂದೇ ಕ್ಯಾಪ್ಸೂಲ್, ವಿಕಿರಣದ ಲೆಕ್ಕದಲ್ಲಿ 100 ಮಿಲಿಕ್ಯೂರಿ. ಕೊಟ್ಟವರು ದೂರ ಸರಿದು ನಿಂತರು. ನುಂಗಿದೆ. ರುಚಿಯಿಲ್ಲ, ಉರಿಯಿಲ್ಲ. ಆಮೇಲೆ ಒಂಟಿ ರೂಮು, ಊಟ ಬಾಗಿಲ ಹತ್ತಿರ. ಫೋನಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡಿದ್ದೆ. ಚೊಂಬುಗಟ್ಟಲೆ ನೀರು ಕುಡಿಯೋದು, ಟಾಯ್ಲೆಟ್‌ಗೆ ಹೋಗೋದು, ಎರಡು ಸಲ ಫ್ಲಶ್ ಮಾಡೋದು, ಇಷ್ಟೇ ಕೆಲಸ. ಆ ನೀರು ನೇರ ಚರಂಡಿಗೆ ಹೋಗಲ್ಲ, ವಿಕಿರಣ ಇಳಿಯೋವರೆಗೆ ಬೇರೆ ಟ್ಯಾಂಕಿನಲ್ಲಿ ನಿಲ್ಲಿಸ್ತಾರೆ. ಜೊಲ್ಲು ಒಣಗದಿರಲಿ ಅಂತ ಮರುದಿನದಿಂದ ಹುಳಿ ಪೆಪ್ಪರ್‌ಮೆಂಟ್ ಕೊಟ್ಟರು.

ದಿನಾ ಬೆಳಿಗ್ಗೆ ಒಬ್ಬರು ಒಂದು ಮೀಟರ್ ದೂರದಲ್ಲಿ ನಿಂತು ನನ್ನ ವಿಕಿರಣ ಅಳೆಯುತ್ತಿದ್ದರು. ಗಂಟೆಗೆ 50 ಮೈಕ್ರೋಸೀವರ್ಟ್‌ಗಿಂತ ಕೆಳಗಿಳಿದರೆ ಮನೆಗೆ. ಆರು ವರ್ಷದ ಮಗಳನ್ನು ಅಮ್ಮನ ಮನೆಗೆ ಕಳಿಸಿದ್ದೆ. ದಿನಾ ಫೋನ್ ಮಾಡಿ 'ಅಮ್ಮಾ, ಇವತ್ತು ಎಷ್ಟು?' ಅಂತ ಕೇಳುತ್ತಿದ್ದಳು, ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ. ಮೂರನೇ ದಿನ 38 ಅಂದೆ. 'ಹಾಗಾದ್ರೆ ನಾನು ಬರ್ಲಾ?'

ಇನ್ನೂ ಎರಡು ವಾರ ದೂರ ಇರಬೇಕು ಅಂದಿದ್ದರು ಡಾಕ್ಟರ್. ಅದನ್ನು ಅವಳಿಗೆ ನಾನು ಹೇಳಲಿಲ್ಲ, ಅಮ್ಮನ ಕೈಲಿ ಹೇಳಿಸಿದೆ. ಏಳನೇ ದಿನದ ಸ್ಕ್ಯಾನ್‌ನಲ್ಲಿ ಕುತ್ತಿಗೆಯ ಹತ್ತಿರ ಮಾತ್ರ ಒಂದು ಕಪ್ಪು ಚುಕ್ಕೆ. ಔಷಧಿ ಹೋಗಬೇಕಾಗಿದ್ದ ಕಡೆಗೇ ಹೋಗಿತ್ತು. ಅಷ್ಟರಲ್ಲಿ ಥೈರಾಕ್ಸಿನ್ ಮತ್ತೆ ಶುರುವಾಗಿತ್ತು, ಮೊಸರನ್ನವೂ.