ಹಾಜರಿ ನಿಂತಲ್ಲಿಂದ ಹುಡುಕುತ್ತಾ

ಉಡುಪಿಯ ಒಂದು ಸಂಸ್ಥೆಯವರು ತಮ್ಮ ಹೊಲಿಗೆ ಮತ್ತು ಎಸಿ ರಿಪೇರಿ ತರಬೇತಿಯ ಮೌಲ್ಯಮಾಪನ ಮಾಡಿಕೊಡಿ ಅಂದಾಗ ಮೊದಲು ಕೈಗೆ ಬಂದದ್ದು ಒಂದು ದಪ್ಪ ಫೈಲು. ಸರ್ಟಿಫಿಕೇಟು, ಫೋಟೋ, ಕೆಲಸಕ್ಕೆ ಸೇರಿದ ಪತ್ರ ಎಲ್ಲ ಇತ್ತು. ಆದರೆ ಕೆಲಸಕ್ಕೆ ಸೇರುವುದು ಬೇರೆ, ಅಲ್ಲಿ ಉಳಿಯುವುದು ಬೇರೆ. ಫೈಲು ಬದಿಗಿಟ್ಟು ಹಿಂದಿನ ವರ್ಷದ ಹಾಜರಿ ಪುಸ್ತಕ ಕೇಳಿದೆ. ಅರ್ಧಕ್ಕೆ ಹಾಜರಿ ನಿಂತ ಹೆಸರುಗಳನ್ನು ಮೊದಲು ಬರೆದುಕೊಂಡೆ.

ಫೋನ್ ನಂಬರುಗಳು ಹೆಚ್ಚಿನವು ಬದಲಾಗಿದ್ದವು. ವಿಳಾಸ ಹಿಡಿದು ಬಸ್ಸು ಹತ್ತಿದೆ. ಶಂಕರಪುರದಲ್ಲಿ ಒಬ್ಬರು ಅಕ್ಕ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು: "ಕ್ಲಾಸು ಒಂಬತ್ತಕ್ಕೆ ಸುರು ಮೇಡಂ. ಹೂ ಕೊಯ್ದು, ಕಟ್ಟಿ, ಕೊಟ್ಟು ಬರುವಾಗ ಹತ್ತು ಕಳೀತದೆ. ಇದನ್ನು ಬಿಟ್ಟು ಬರ್ಲಿಕ್ಕೆ ಆಗ್ತದಾ?" ಫೈಲಿನಲ್ಲಿ ಅವರ ಹೆಸರಿನ ಎದುರು 'ಆಸಕ್ತಿ ಇಲ್ಲ' ಎಂದಿತ್ತು. ನನಗೆ ಆ ದಿನವಿಡೀ ಬೇಸರ.

ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದರು: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಏನಾಯಿತು. ನಾನು ನೋಡಿದ ಫೈಲುಗಳು ಎರಡನೆಯದರಲ್ಲೇ ನಿಂತುಬಿಡುತ್ತವೆ. ಮೂರನೆಯದಕ್ಕೆ ವರ್ಕ್‌ಶಾಪಿಗೇ ಹೋಗಬೇಕು. ಎಸಿ ರಿಪೇರಿ ಕಲಿತು ಮಂಗಳೂರಿನ ಬೈಕಂಪಾಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಕೈಗೆ ತಾಮ್ರದ ಪೈಪಿನ ತುಂಡು ಕೊಟ್ಟು, "ಫ್ಲೇರ್ ಮಾಡಿ ತೋರಿಸು" ಅಂದೆ. ಜೋಡಿಸಲು ಪೈಪಿನ ಬಾಯಿ ಅರಳಿಸುವುದೇ ಫ್ಲೇರ್. ಕತ್ತರಿಸಿದ ಬಾಯಿಯ ಒಳಗೆ ಎದ್ದ ಚೂಪು ತರಿ ತೆಗೆಯದೆ ಟೂಲು ತಿರುಗಿಸಿದ, ಅಂಚು ಸೀಳಿತು. ಗ್ಯಾಸು ಸೋರುವುದು ಅಂಥಲ್ಲೇ. ಕ್ಲಾಸಿನಲ್ಲಿ ಟೂಲು ಒಂದೇ ಇದ್ದದ್ದು, ಸರ್ ಮಾಡುವಾಗ ನೋಡಿದ್ದು ಅಷ್ಟೇ ಎಂದ. ಯಜಮಾನರು ಇನ್ನೊಂದು ತುಂಡಿನ ತರಿ ಕೆರೆದು ತೋರಿಸಿದರು. ಎರಡನೆಯ ಸಲ ಅವನದ್ದೇ ಕೈಯಲ್ಲಿ ಅಂಚು ನುಣ್ಣಗೆ ಅರಳಿತು. ಹುಡುಗನದ್ದು ಏನೂ ತಪ್ಪಿಲ್ಲ.

ಕೆಲಸದ ಜಾಗದಲ್ಲೇ ಕಲಿಯುವ ಅಪ್ರೆಂಟಿಸ್‌ಗಳದ್ದು ಇನ್ನೊಂದು ಕತೆ. ಅವರಿಗಾಗಿ ಕಾಯ್ದೆ 1961ರಿಂದ ಉಂಟು. 30 ಮತ್ತು ಹೆಚ್ಚು ಜನ ಕೆಲಸಕ್ಕಿರುವಲ್ಲಿ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಕಡ್ಡಾಯ. ಒಂದು ಕಡೆ ಆರು ತಿಂಗಳ ದಿನಚರಿ ಪೂರಾ ಒಂದೇ ಪೆನ್ನು, ಅಕ್ಷರಕ್ಕೆ ಒಂದೇ ಓರೆ, ಕೂತಲ್ಲೇ ತುಂಬಿದ ಹಾಗೆ. "ಕಳೆದ ಸೋಮವಾರ ಏನು ಮಾಡಿದೆ?" ಅಂತ ಕೇಳಿದೆ. ಫಿಟ್ಟರ್ ಕಲಿಯಲು ಬಂದವನು ಗೋಡೌನಿನಲ್ಲಿ ಪೆಟ್ಟಿಗೆ ಜೋಡಿಸಿದ್ದ. ಅಂದಿನಿಂದ ನನ್ನ ಮೊದಲ ಪ್ರಶ್ನೆ ಅದೇ.

ಅರ್ಜಿ ಹಾಕಿ ಸೀಟು ಸಿಗದವರನ್ನೂ ಮಾತಾಡಿಸಿದೆ. ಕೆಲವರು ತರಬೇತಿ ಇಲ್ಲದೆಯೇ ಅದೇ ಕೆಲಸ ಹಿಡಿದಿದ್ದರು. ಕಲಿತು ಕೆಲಸ ಸಿಕ್ಕಿದವರೆಲ್ಲರ ಲೆಕ್ಕವನ್ನು ತರಬೇತಿಯ ಖಾತೆಗೇ ಬರೆಯುವುದು ಹಾಗಾಗಿ ಸರಿಯಲ್ಲ.

ಕೋರ್ಸು ಮುಗಿದು ವರ್ಷ ಕಳೆದ ಮೇಲೆ ಇನ್ನೊಮ್ಮೆ ಹೋಗಬೇಕೆಂದು ಹಟ ಹಿಡಿದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಹಳ್ಳಿಯ ಯುವಜನರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ತರಬೇತಿಯ ನಂತರವೂ ಎರಡು ವರ್ಷ ವಿಚಾರಿಸುವ ಕ್ರಮ ಉಂಟಲ್ಲ, ನಮಗೇಕೆ ಆಗದು?

ವರದಿಯ ಮೊದಲ ಪುಟದಲ್ಲೇ ಮಲ್ಲಿಗೆಯ ಸಮಯ ಬರೆದೆ. ಮುಂದಿನ ಹೊಲಿಗೆ ಬ್ಯಾಚು ಹನ್ನೊಂದಕ್ಕೆ ಶುರುವಾಯಿತು. ಫ್ಲೇರಿಂಗ್ ಟೂಲು ಇನ್ನೂ ಒಂದೇ ಇದೆ; ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ.