ಹೊಸ ಸೆಡಾನ್: ಬುಕಿಂಗ್‌ಗೆ ಮೊದಲು ಹಾಡು ಕೇಳಿ ನೋಡಿ

ಎಪ್ಪತ್ತು–ಎಂಬತ್ತು ಲಕ್ಷದ ಸೆಡಾನ್ ಕೊಳ್ಳಲು ಹೋದವರು ಬಣ್ಣ, ಸೀಟು, ಸನ್‌ರೂಫ್ ಎಲ್ಲವನ್ನೂ ಹತ್ತು ಸಲ ನೋಡುತ್ತಾರೆ. ಹಾಡನ್ನು ಮಾತ್ರ ಶೋರೂಮಿನವರು ಹಾಕಿದಷ್ಟು ಕೇಳಿ, ತಲೆದೂಗಿ ಎದ್ದು ಬರುತ್ತಾರೆ. ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ದಾರಿ. ರಾಯಚೂರಿನಿಂದ ಹೈದರಾಬಾದಿಗೆ 200 ಕಿ.ಮೀ. ದಾಟುತ್ತದೆ. ಆಸ್ಪತ್ರೆ, ಮದುವೆ, ವ್ಯಾಪಾರ ಅಂತ ತಿಂಗಳಿಗೆ ಮೂರು–ನಾಲ್ಕು ಸಲ ಓಡಾಡುವ ಮನೆಗೆ ಕಾರಿನ ಸೌಂಡ್ ಸಿಸ್ಟಂ ಆಡಂಬರದ ವಸ್ತುವಲ್ಲ, ದಿನಬಳಕೆಯದು. ಸ್ಪೀಕರ್ ಎಷ್ಟು, ವ್ಯಾಟ್ ಎಷ್ಟು ಎಂಬುದಕ್ಕಿಂತ ಕಾರಿನ ಒಳಗೆ ಎಷ್ಟು ನಿಶ್ಶಬ್ದ, ಸೆಟ್ಟಿಂಗ್ ಎಷ್ಟು ಸರಿ ಎಂಬುದೇ ಅದರ ಹಣೆಬರಹ ಬರೆಯುತ್ತದೆ.

ಮೊದಲು ವೇರಿಯಂಟ್

ಒಳ್ಳೆಯ ಸೌಂಡ್ ಸಿಸ್ಟಂ ಸಾಮಾನ್ಯವಾಗಿ ಮೇಲಿನ ವೇರಿಯಂಟ್ ಜೊತೆಗೇ ಬರುತ್ತದೆ. ಕೆಳಗಿನದನ್ನು ಕೊಂಡು, ಆಮೇಲೆ ಹಾಕಿಸಿಕೊಳ್ಳೋಣ ಎಂಬ ಲೆಕ್ಕ ತಪ್ಪುತ್ತದೆ. ಆಂಪ್ಲಿಫೈಯರ್ (ಸ್ಪೀಕರಿಗೆ ಶಕ್ತಿ ಕೊಡುವ ಪೆಟ್ಟಿಗೆ), ವೈರಿಂಗ್, ಬಾಗಿಲ ಪ್ಯಾನೆಲ್, ಸಾಫ್ಟ್‌ವೇರ್ ಎಲ್ಲವೂ ಬೇರೆ ಇರುತ್ತವೆ. ಹೊರಗಿನವರು ವೈರ್ ಕತ್ತರಿಸಿ ಜೋಡಿಸಿದರೆ ಆ ಭಾಗದ ವಾರಂಟಿಗೆ ಕಂಪನಿ ಒಪ್ಪುವುದು ಕಷ್ಟ. ಆದ್ದರಿಂದ ಬ್ರೋಷರ್‌ನಲ್ಲಿ ಎರಡು ವೇರಿಯಂಟ್‌ಗಳ ಸೌಂಡ್ ಸಿಸ್ಟಂ ಹೆಸರನ್ನು ಪಕ್ಕಪಕ್ಕ ಇಟ್ಟು ಓದಿ. ಬುಕಿಂಗ್ ಫಾರಂ ಮೇಲೆ ಆ ಹೆಸರನ್ನೂ ಬರೆಸಿ.

ಮರ್ಸಿಡಿಸ್‌ನಲ್ಲಿ ಬರ್ಮೆಸ್ಟರ್, ಆಡಿಯಲ್ಲಿ ಬ್ಯಾಂಗ್ ಅಂಡ್ ಓಲುಫ್ಸೆನ್, ಬಿಎಂಡಬ್ಲ್ಯುದಲ್ಲಿ ಹರ್ಮನ್ ಕಾರ್ಡನ್ ಅಥವಾ ಬೋವರ್ಸ್ ಅಂಡ್ ವಿಲ್ಕಿನ್ಸ್, ಲೆಕ್ಸಸ್‌ನಲ್ಲಿ ಮಾರ್ಕ್ ಲೆವಿನ್‌ಸನ್ ಇರುತ್ತವೆ. ಬರ್ಮೆಸ್ಟರ್ 1977ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಮನೆ, ಬ್ಯಾಂಗ್ ಅಂಡ್ ಓಲುಫ್ಸೆನ್ 1925ರ ಡೆನ್ಮಾರ್ಕ್‌ನದು. ಹೆಸರು ನೋಡಿ ಮಾರುಹೋಗಬೇಕಿಲ್ಲ. ಇವುಗಳಲ್ಲಿ ಬರ್ಮೆಸ್ಟರ್ ಬಿಟ್ಟು ಉಳಿದವು ಕಾರಿನೊಳಗೆ ಬರುವುದು ಹರ್ಮನ್ ಎಂಬ ಒಂದೇ ಕಂಪನಿಯ ಕೈಯಿಂದ. ಆ ಕಂಪನಿಯನ್ನು 2017ರಲ್ಲಿ ಸ್ಯಾಮ್ಸಂಗ್ ಕೊಂಡಿದೆ. ವ್ಯಾಟ್ ಲೆಕ್ಕವೂ ಅಷ್ಟೇ. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಅದು ಒಂದಿಷ್ಟೇ ಹೆಚ್ಚು ಅನಿಸುತ್ತದೆ.

ಕೇಳಿ ನೋಡುವ ಕ್ರಮ

ಶೋರೂಮಿನ ಡೆಮೊ ಹಾಡು ಆ ಕಾರು ಚೆನ್ನಾಗಿ ಕೇಳಿಸಲಿ ಎಂದೇ ಆರಿಸಿದ್ದು. ನಿಮಗೆ ಬಾಯಿಪಾಠವಾಗಿರುವ ನಾಲ್ಕು ಹಾಡುಗಳನ್ನು ಫೋನಿಗೆ ಪೂರ್ತಿ ಡೌನ್‌ಲೋಡ್ ಮಾಡಿಕೊಂಡು ಹೋಗಿ, ಫೋನನ್ನು ಕೇಬಲ್‌ನಿಂದ ಜೋಡಿಸಿ. ಬೇಸ್ (ಮಂದ್ರ ಸದ್ದು), ಟ್ರೆಬಲ್ (ತಾರ ಸದ್ದು) ಎರಡನ್ನೂ ಸೊನ್ನೆಗೆ ತನ್ನಿ. ಸರೌಂಡ್, 3ಡಿ ಇದ್ದರೆ ಆಫ್ ಮಾಡಿ. ಎಂಜಿನ್, ಏ.ಸಿ. ಎರಡೂ ಬಂದ್ ಇರಲಿ.

ಮೊದಲ ಹಾಡು ಹಳೆಯ ವಚನ ಗಾಯನದ ಧ್ವನಿಮುದ್ರಣವಾಗಿರಲಿ. ರಾಯಚೂರಿನ ರಂಗಮಂದಿರಕ್ಕೆ ಹೆಸರಾಗಿರುವ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ಕಾಲದವು ಇದಕ್ಕೆ ಹೇಳಿಮಾಡಿಸಿದಂತಿವೆ. ಆ ಕಾಲದ ಬಹಳಷ್ಟು ಮುದ್ರಣಗಳು ಮೋನೊ. ಅಂದರೆ ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಸದ್ದು. ಕಣ್ಣು ಮುಚ್ಚಿ ಕೇಳಿದರೆ ಹಾಡುಗಾರ ಒಂದೇ ಜಾಗದಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ ಕೂತಂತೆ ಇರಬೇಕು. ದನಿ ಬಲಗಡೆ ಬಾಗಿಲಿನಿಂದ ಬಂದರೆ ಅಥವಾ ಮೊಣಕಾಲ ಹತ್ತಿರ ಕೇಳಿಸಿದರೆ ಸೆಟ್ಟಿಂಗ್ ಸರಿಯಿಲ್ಲ, ಇಲ್ಲವೇ ಸಿಸ್ಟಮೇ ಅಷ್ಟು.

ಎರಡನೆಯದು ತಬಲ. ಡಗ್ಗಾ, ಅಂದರೆ ತಬಲ ಜೋಡಿಯ ಎಡಗೈ ವಾದ್ಯದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಹುಟ್ಟುವ ಗಮಕ ನೀರಿನ ಹಾಗೆ ಏರಿಳಿಯಬೇಕು. 'ಧುಂ' ಎಂದು ಒಂದೇ ಉಂಡೆಯಾಗಿ ಬಿದ್ದರೆ ಬೇಸ್ ಗಟ್ಟಿ ಇದೆ, ಸ್ಪಷ್ಟತೆ ಇಲ್ಲ. ಮೂರನೆಯದು ತಂಬೂರಿ. ನಾಲ್ಕು ತಂತಿಯ ನಾದ ಒಂದರೊಳಗೊಂದು ಬೆರೆತರೂ ಪ್ರತಿ ಮೀಟು ಬಿಡಿಬಿಡಿಯಾಗಿ ಕೇಳಬೇಕು. ಕೊನೆಗೆ ಬೇಸ್ ಹೆಚ್ಚಿರುವ ಹೊಸ ಸಿನಿಮಾ ಹಾಡೊಂದನ್ನು ಮುಕ್ಕಾಲು ವಾಲ್ಯೂಮಿಗೆ ಏರಿಸಿ, ನಾಲ್ಕೂ ಬಾಗಿಲಿನ ಒಳಮೈ ಮೇಲೆ ಅಂಗೈ ಇಟ್ಟು ನೋಡಿ. ಎಲ್ಲಾದರೂ 'ಝರ್' ಎಂದು ಕೇಳಿ, ಕೈ ಒತ್ತಿದ ಕೂಡಲೇ ನಿಂತರೆ ಅಲ್ಲಿ ಪ್ಯಾನೆಲ್ ಕ್ಲಿಪ್ ಸಡಿಲ ಎಂದರ್ಥ. ಹಿಂದಿನ ಸೀಟಿನಲ್ಲೂ ಕೂತು ಕೇಳಿ. ಡ್ರೈವರ್ ಇಟ್ಟುಕೊಳ್ಳುವವರು ಅಲ್ಲಿಂದಲೇ ಶುರು ಮಾಡುವುದು ಮೇಲು.

ರಸ್ತೆಯ ಮೇಲೆ

ನಿಂತ ಕಾರಿನಲ್ಲಿ ಎಲ್ಲ ಸಿಸ್ಟಂಗಳೂ ಚಂದ. ಸಿಮೆಂಟ್ ರಸ್ತೆಯಲ್ಲಿ 80ರ ವೇಗದಲ್ಲಿ ಟೈರಿನ ಗುಂಯ್‌ಗುಟ್ಟುವಿಕೆ ಮೊದಲು ನುಂಗುವುದು ಡಗ್ಗಾವನ್ನು, ಆಮೇಲೆ ತಂಬೂರಿಯನ್ನು. ಟೆಸ್ಟ್ ಡ್ರೈವ್‌ನಲ್ಲಿ ಐದು ನಿಮಿಷ ಹಾಡು ಬಂದ್ ಮಾಡಿ, ಬರೀ ಕಾರನ್ನು ಕೇಳಿ.

ಗಾಜನ್ನು ಅರ್ಧ ಇಳಿಸಿ ಅದರ ಮೇಲಂಚು ನೋಡಿ. ಎರಡು ಗಾಜಿನ ನಡುವೆ ಕೂದಲೆಳೆಯಂಥ ಗೆರೆ ಕಂಡರೆ ಅದು ಲ್ಯಾಮಿನೇಟೆಡ್ ಗಾಜು. ನಡುವಿನ ಪ್ಲಾಸ್ಟಿಕ್ ಪದರ ಹೊರಗಿನ ಸದ್ದನ್ನು ತಡೆಯುತ್ತದೆ. ಹಲವು ಕಾರುಗಳಲ್ಲಿ ಇದು ಮುಂದಿನ ಬಾಗಿಲಿಗೆ ಮಾತ್ರ ಇರುತ್ತದೆ. ಹಿಂದಿನದನ್ನೂ ಇಳಿಸಿ ನೋಡಿ.

ಆಯ್ಕೆ ಇದ್ದರೆ 20 ಇಂಚಿನ ಅಲಾಯ್ ಬಿಟ್ಟು 18 ಇಂಚಿನದು ತೆಗೆದುಕೊಳ್ಳಿ. ಟೈರಿನ ಪಕ್ಕೆ ದಪ್ಪ ಇದ್ದಷ್ಟು ಸದ್ದು ಕಡಿಮೆ, ಗುಂಡಿಗೆ ಬಿದ್ದಾಗ ಪಕ್ಕೆ ಸೀಳುವ ಭಯವೂ ಕಡಿಮೆ. ಸ್ಟೆಪ್ನಿ ಇದೆಯೋ, ರನ್‌ಫ್ಲ್ಯಾಟ್ ಟೈರೋ ಕೇಳಿ. ರನ್‌ಫ್ಲ್ಯಾಟ್ ಸಾಮಾನ್ಯವಾಗಿ ಗಾಳಿ ಹೋದ ಮೇಲೆ 80ರ ವೇಗ ಮೀರದೆ 80 ಕಿ.ಮೀ. ಓಡುತ್ತದೆ. ಲಿಂಗಸುಗೂರಿನಲ್ಲೋ ಕುಷ್ಟಗಿಯಲ್ಲೋ ಪಂಕ್ಚರ್ ಆದರೆ ಅಷ್ಟರೊಳಗೆ ಆ ಅಳತೆಯ ಟೈರ್ ಸಿಗುವ ಊರು ತಲುಪುವುದು ಕಷ್ಟ. ಸರ್ವಿಸ್ ಸೆಂಟರ್‌ವರೆಗೆ ಎಷ್ಟು ಕಿ.ಮೀ. ಉಚಿತವಾಗಿ ಎಳೆದೊಯ್ಯುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಐದು ಜನ ಕೂತ ಮೇಲೆ ಕಾರು ತಳ ತಾಗದೆ ಹಂಪ್ ದಾಟಬೇಕು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಹಳ್ಳಿಗಳ ಮುಂದೆ ಇರುವವು ಎಷ್ಟೋ ಕಡೆ ಇದಕ್ಕಿಂತ ಕಡಿಮೆ ಅಗಲದವು, ಕಡಿದಾದವು. ಸುಗ್ಗಿಯಲ್ಲಿ ರಸ್ತೆ ಮೇಲೆ ಹರಡಿದ ತೊಗರಿ, ಹುರುಳಿ ಹೊಟ್ಟಿನ ಮೇಲೆ ತಗ್ಗು ಸೆಡಾನ್ ಹಾಯಿಸಬೇಡಿ. ಒಣಹುಲ್ಲು ತಳಕ್ಕೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತಬಹುದು.

ದುಡ್ಡು, ಕಾಗದ

ಎಕ್ಸ್-ಶೋರೂಂ ದರದಲ್ಲಿ ಜಿಎಸ್‌ಟಿ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಅದು ಶೇ 40. ಅದರ ಮೇಲೆ, 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ 18, ಸೆಸ್ ಬೇರೆ. 75 ಲಕ್ಷದ ಕಾರಿಗೆ ತೆರಿಗೆಯೇ 13.5 ಲಕ್ಷ. ಬೆಲೆ 10 ಲಕ್ಷ ಮೀರಿದ ಕಾರಿಗೆ ಪೂರ್ತಿ ಬೆಲೆಯ ಮೇಲೆ ಶೇ 1 ಟಿಸಿಎಸ್ (ಮಾರುವವರೇ ಹಿಡಿದು ಕಟ್ಟುವ ತೆರಿಗೆ) ಹಿಡಿಯುತ್ತಾರೆ. ಈ 75 ಸಾವಿರ ಆದಾಯ ತೆರಿಗೆ ಲೆಕ್ಕದಲ್ಲಿ ಜಮೆಯಾಗುತ್ತದೆ, ರಿಟರ್ನ್ ಸಲ್ಲಿಸುವಾಗ ಮರೆಯಬೇಡಿ.

ರಾಯಚೂರಿನವರು ಹೈದರಾಬಾದಿನಲ್ಲಿ ಕೊಳ್ಳುವುದಾದರೆ ಅಲ್ಲಿ ತಾತ್ಕಾಲಿಕ ನೋಂದಣಿ ಮಾತ್ರ ಮಾಡಿಸಿ, ಊರಿಗೆ ತಂದು ಕೆಎ-36ರಲ್ಲಿ ತೆರಿಗೆ ಕಟ್ಟಬೇಕು. ಬಳ್ಳಾರಿಗೆ 34, ಕೊಪ್ಪಳಕ್ಕೆ 37. ಅಲ್ಲೇ ಕಾಯಂ ನೋಂದಣಿ ಆಗಿಬಿಟ್ಟರೆ ಎನ್‌ಒಸಿ, ತೆರಿಗೆ ವಾಪಸಾತಿ ಎಂದು ತಿಂಗಳುಗಟ್ಟಲೆ ಅಲೆದಾಟ.

ಡೆಲಿವರಿಗೆ ಮೊದಲು

ಪರಿಶೀಲನೆ ನಡೆಯಬೇಕಾದದ್ದು ನೋಂದಣಿಗೆ ಮುಂಚೆ, ಹಗಲು ಬೆಳಕಿನಲ್ಲಿ. ಹಾರ ಹಾಕಿ ಕೀಲಿ ಕೊಡುವ ದಿನ ನೋಡಿದರೆ ಏನೂ ಪ್ರಯೋಜನವಿಲ್ಲ. ಕಾರು ಕಂಪನಿ ಕೊಡುವ ಪ್ರಮಾಣಪತ್ರ ಫಾರಂ 22ರಲ್ಲಿ ತಯಾರಾದ ತಿಂಗಳು ನೋಡಿ. ಟೈರಿನ ಪಕ್ಕೆಯ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. ಬ್ಯಾಲೆನ್ಸ್ (ಎಡ–ಬಲ) ಮತ್ತು ಫೇಡರ್ (ಮುಂದೆ–ಹಿಂದೆ) ತಿರುಗಿಸಿ ಪ್ರತಿ ಮೂಲೆಯ ಸ್ಪೀಕರನ್ನೂ ಒಂದೊಂದಾಗಿ ನುಡಿಸಿ. ಜಾಲರಿಗೆ ಕಿವಿ ಹಚ್ಚಿದರೆ ಸತ್ತಿರುವ ಟ್ವೀಟರ್ (ತಾರ ಸದ್ದಿನ ಸಣ್ಣ ಸ್ಪೀಕರ್) ಗೊತ್ತಾಗುತ್ತದೆ.

ಹೈ-ಸೆಕ್ಯುರಿಟಿ ನಂಬರ್ ಪ್ಲೇಟನ್ನು ಬಿಚ್ಚಲಾಗದ ಲಾಕ್‌ನಿಂದ ಕೂರಿಸುತ್ತಾರೆ. ಕೂರಿಸುವ ಮುನ್ನವೇ ಹಿಂದಿನ ಪ್ಲೇಟಿನ ಬೆನ್ನಿಗೆ ಎರಡು ಪಟ್ಟಿ ಫೋಮ್ ಟೇಪ್ ಅಂಟಿಸಲು ಹೇಳಿ. ಡಿಕ್ಕಿಯ ಬಳಿ ಸಬ್‌ವೂಫರ್ (ಮಂದ್ರ ಸದ್ದಿನ ದೊಡ್ಡ ಸ್ಪೀಕರ್) ಇರುವ ಕಾರಿನಲ್ಲಿ 'ಹಿಂದೆ ಏನೋ ಗಡಗಡ' ಎನ್ನುವ ದೂರಿಗೆ ಎಷ್ಟೋ ಸಲ ಕಾರಣ ಈ ತಗಡೇ.

ಮನೆಗೆ ತಂದ ಮೇಲೆ ಸೆಟ್ಟಿಂಗ್

ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಬಲ ಬಾಗಿಲಿನ ಸ್ಪೀಕರ್ ಅವರ ಕಿವಿಯಿಂದ ಸುಮಾರು 90 ಸೆಂ.ಮೀ. ದೂರ, ಎಡದ್ದು 140. ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂ.ಮೀ. ಚಲಿಸುತ್ತದೆ. ಅಂದರೆ ಬಲದ ಸದ್ದು ಒಂದೂವರೆ ಮಿಲಿಸೆಕೆಂಡ್ ಮೊದಲೇ ಮುಟ್ಟುತ್ತದೆ. ಕಿವಿಗೆ ಹಾಡು ಬಲಕ್ಕೆ ವಾಲಿದಂತೆ ಅನಿಸಲು ಅಷ್ಟು ಸಾಕು. ಮೆನುವಿನಲ್ಲಿ 'ಡ್ರೈವರ್', 'ಫ್ರಂಟ್', 'ರಿಯರ್', 'ಆಲ್' ಎಂಬ ಆಯ್ಕೆ ಇದ್ದರೆ, ಹತ್ತಿರದ ಸ್ಪೀಕರನ್ನು ಅಷ್ಟು ಹೊತ್ತು ತಡಮಾಡಿ ನುಡಿಸಿ ಇದನ್ನು ಸರಿದೂಗಿಸುತ್ತದೆ. ಒಬ್ಬರೇ ಓಡಿಸುವಾಗ 'ಡ್ರೈವರ್', ಮನೆಯವರೆಲ್ಲ ಇದ್ದಾಗ 'ಆಲ್'.

ವಾರವಿಡೀ ಬೇಸ್, ಟ್ರೆಬಲ್ ಸೊನ್ನೆಯಲ್ಲೇ ಕೇಳಿ. ಆಮೇಲೂ ಬೇಕೆನಿಸಿದರೆ ಒಂದೋ ಎರಡೋ ಹೆಜ್ಜೆ ಬೇಸ್ ಏರಿಸಿ. ವೇಗಕ್ಕೆ ತಕ್ಕಂತೆ ವಾಲ್ಯೂಮ್ ಏರುವ ಸೌಲಭ್ಯ ನಡುವಿನ ಹಂತದಲ್ಲಿರಲಿ. ಫೋನಿನ ಈಕ್ವಲೈಜರ್ ಪೂರ್ತಿ ಬಂದ್. ಫೋನಿನಲ್ಲೂ ಕಾರಿನಲ್ಲೂ ಬೇಸ್ ಏರಿಸಿದರೆ ಹಾಡು ಒಡೆಯುತ್ತದೆ, ದೋಷ ಸ್ಪೀಕರಿನದು ಅನಿಸುತ್ತದೆ. ಬ್ಲೂಟೂತ್‌ನಲ್ಲಿ ಕೇಳುವಾಗ ಫೋನಿನ ವಾಲ್ಯೂಮ್ ಪೂರ್ತಿ ಇಟ್ಟು, ಹೆಚ್ಚು–ಕಡಿಮೆ ಕಾರಿನಲ್ಲೇ ಮಾಡಿ.

ಹಾಡಿನ ಮೂಲವೂ ಮುಖ್ಯ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದ್ದರೆ, ಸಾಮಾನ್ಯ ಬ್ಲೂಟೂತ್ ದಾಟಿಸುವುದು 256ರಿಂದ 328. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಡೇಟಾ ಉಳಿಸುವ ಆಯ್ಕೆ ಆನ್ ಇದ್ದರೆ ಅದಕ್ಕಿಂತಲೂ ಕಡಿಮೆ. ಆ್ಯಪ್‌ನಲ್ಲಿ ಗುಣಮಟ್ಟ ಅತಿ ಹೆಚ್ಚಿನದಕ್ಕೆ ಇಟ್ಟು, ಹೊರಡುವ ಮುನ್ನ ಮನೆಯ ವೈ-ಫೈನಲ್ಲಿ ಡೌನ್‌ಲೋಡ್ ಮಾಡಿ, ಕೇಬಲ್‌ನಿಂದ ಕೇಳಿ. ಊರು ಬಿಟ್ಟ ಮೇಲೆ ನೆಟ್‌ವರ್ಕ್ ಕುಂಟುವ ಕಡೆಗಳಲ್ಲೂ ಹಾಡು ನಿಲ್ಲುವುದಿಲ್ಲ. ಪೆನ್‌ಡ್ರೈವ್ ಬಳಸುವವರು ಗುಣಮಟ್ಟ ಕಳೆಯದೆ ಹಾಡನ್ನು ಕುಗ್ಗಿಸಿಡುವ ಫ್ಲ್ಯಾಕ್ ಫೈಲ್ ಹಾಕಿಕೊಳ್ಳಿ. ಒಂದು ತಾಸಿನ ಸಂಗೀತಕ್ಕೆ 300ರಿಂದ 400 ಎಂ.ಬಿ. ಜಾಗ ಸಾಕು.

ಸದ್ದಿನ ಮಿತಿಯೂ ಗೊತ್ತಿರಲಿ. 85 ಡೆಸಿಬಲ್‌ನಲ್ಲಿ ದಿನಕ್ಕೆ 8 ತಾಸು ಕಿವಿ ತಡೆದುಕೊಳ್ಳುತ್ತದೆ. ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ. 91ಕ್ಕೆ ಬರೀ 2 ತಾಸು. ಸದ್ದು ಅಳೆಯುವ ಆ್ಯಪ್ ಫೋನಿನಲ್ಲಿ ಹಾಕಿಕೊಂಡು ಒಮ್ಮೆ ನೋಡಿ. ಮಕ್ಕಳು ಹಿಂದೆ ಕೂತಿದ್ದರೆ ಅಲ್ಲೂ ಅಳೆಯಿರಿ.

ದೂಳು, ಬಿಸಿಲು

ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆ ಅದಿರಿನ ಲಾರಿ ಹಿಂದೆ ಹೋಗುವವರ ಕಾರಿನಲ್ಲಿ ಬಾಗಿಲ ಜಾಲರಿ ತಿಂಗಳೊಳಗೆ ಕೆಂಪಾಗುತ್ತದೆ. ಜಾಲರಿಯ ತೂತುಗಳು ಸೂಜಿಮೊನೆಯಷ್ಟು. ಅವು ಕಟ್ಟಿದಾಗ ಮೊದಲು ಮಂಕಾಗುವುದು ಟ್ರೆಬಲ್. ಒದ್ದೆ ಬಟ್ಟೆಯಿಂದ ಒರೆಸಿದರೆ ದೂಳು ಕೆಸರಾಗಿ ತೂತಿನೊಳಗೇ ಕೂರುತ್ತದೆ. ವಾಷಿಂಗ್ ಸೆಂಟರಿನ ಹುಡುಗರು ಏರ್ ಗನ್ ಹಿಡಿದರಂತೂ ಟ್ವೀಟರಿನ ತೆಳು ಗುಮ್ಮಟ ಒಳಕ್ಕೆ ಕುಸಿಯಬಹುದು. ಸ್ಪೀಕರ್ ಹತ್ತಿರ ಗಾಳಿ ಬಿಡಬೇಡಿ ಎಂದು ಅಲ್ಲೇ ನಿಂತು ಹೇಳಿ. ಒಂದಿಂಚಿನ ಮೆತ್ತನೆಯ ಪೇಂಟ್ ಬ್ರಷ್ ಸಾಕು: ಬಲಗೈಯಲ್ಲಿ ಬ್ರಷ್ ಆಡಿಸುತ್ತ, ಎಡಗೈಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಮೂತಿಯನ್ನು ಎರಡಿಂಚು ದೂರ ಹಿಡಿದು, ಎದ್ದ ದೂಳನ್ನಷ್ಟೇ ಎಳೆದುಕೊಳ್ಳಬೇಕು. ಹದಿನೈದು ದಿನಕ್ಕೊಮ್ಮೆ ಮಾಡಿ.

ಲಾರಿ ಹಿಂದೆ ಇರುವಾಗ ಏ.ಸಿ.ಯನ್ನು ಒಳಗಾಳಿಗೆ ಹಾಕಿ. ಕ್ಯಾಬಿನ್ ಫಿಲ್ಟರನ್ನು ಕೈಪಿಡಿ ಹೇಳಿದ ಅವಧಿಯ ಅರ್ಧಕ್ಕೇ ಬದಲಿಸಿ. ಕಟ್ಟಿದ ಫಿಲ್ಟರ್ ಇದ್ದರೆ ಬ್ಲೋವರ್ ಜೋರಾಗಿ ತಿರುಗಬೇಕು, ಆ ಭೋರ್ಗರೆತ ಹಾಡಿನ ಮೇಲೇ ಕೂರುತ್ತದೆ. ಬಿಳಿ ಕಾರಿನ ಮೈಮೇಲೆ ಕಿತ್ತಳೆ ಚುಕ್ಕೆ ಕಂಡರೆ ಅದು ಅಂಟಿಕೊಂಡ ಕಬ್ಬಿಣದ ಕಣಕ್ಕೆ ತುಕ್ಕು ಹಿಡಿದದ್ದು. ಒಣ ಬಟ್ಟೆ ಹಾಕಿ ಉಜ್ಜದೆ ಮೊದಲು ನೀರು ಹೊಯ್ದು ಇಳಿಸಿ. ಹೋಗದಿದ್ದರೆ ಕಬ್ಬಿಣ ತೆಗೆಯುವ ಸ್ಪ್ರೇ ಬೇಕಾಗುತ್ತದೆ.

ಏಪ್ರಿಲ್–ಮೇನಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ನಿಂತ ಕಾರಿನೊಳಗೆ 60 ದಾಟುತ್ತದೆ. ಮುಂದಿನ ಗಾಜಿಗೆ ಬಿಸಿಲು ತಡೆಯುವ ಪರದೆ ಇಡಿ. ಹತ್ತಿದ ಕೂಡಲೇ ಹಾಡು ಜೋರು ಮಾಡದೆ ಗಾಜು ಇಳಿಸಿ, ಏ.ಸಿ. ಹಾಕಿ, ಹತ್ತು ನಿಮಿಷ ತಡೆಯಿರಿ. ಆಂಪ್ಲಿಫೈಯರ್ ಹಲವು ಕಾರುಗಳಲ್ಲಿ ಡಿಕ್ಕಿಯ ಪಕ್ಕದ ಗೂಡಿನಲ್ಲಿರುತ್ತದೆ. ಅದರ ಗಾಳಿಗಿಂಡಿಗೆ ಅಡ್ಡಲಾಗಿ ಅಕ್ಕಿಚೀಲ ತುರುಕಿದರೆ ಬಿಸಿ ಏರಿ, ದಾರಿ ಮಧ್ಯೆ ತನ್ನಷ್ಟಕ್ಕೆ ಸದ್ದು ತಗ್ಗಿಸುತ್ತದೆ ಅಥವಾ ನಿಂತೇಬಿಡುತ್ತದೆ. ತಣ್ಣಗಾದ ಮೇಲೆ ಮತ್ತೆ ಬಂದರೆ ಕಾರಣ ಇದೇ.

ಸರ್ವಿಸಿಗೆ ಬಿಡುವ ಮುನ್ನ ಸೌಂಡ್ ಸೆಟ್ಟಿಂಗ್ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಅವು ಕಂಪನಿಯ ಮೂಲ ಸ್ಥಿತಿಗೆ ಮರಳಬಹುದು. ಕಾರು ವಾಪಸ್ ಬಂದ ದಿನ ಅದೇ ಹಳೆಯ ವಚನ ಗಾಯನ ಹಾಕಿ, ದನಿ ಮತ್ತೆ ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂತಿದೆಯೇ ನೋಡಿಕೊಳ್ಳಿ.